ಮತ್ಸುತಾಕೆ: ಕಾಡಣಬೆ ಮತ್ತು ಅದರ ವಾಣಿಜ್ಯ ಸಂಗ್ರಹ

ಮತ್ಸುತಾಕೆ ಉತ್ತರ ಗೋಳಾರ್ಧದ ಪೈನ್ ಮತ್ತು ಓಕ್ ಕಾಡುಗಳ ನೆಲದಲ್ಲಿ ಏಳುವ, ತಿನ್ನಲು ಬರುವ, ಕಡು ಪರಿಮಳದ ಕಾಡಣಬೆ. ವೈಜ್ಞಾನಿಕ ಹೆಸರು ಟ್ರೈಕೊಲೋಮ ಮತ್ಸುತಾಕೆ. ಜಪಾನಿನ ಶರತ್ಕಾಲದ ಊಟದಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ಮನ್ನಣೆಯಿದೆ. ಆ ದೇಶದ ಬೇಡಿಕೆಗಾಗಿ ಇಂದು ಚೀನಾ, ಕೊರಿಯ, ಭೂತಾನ್, ಅಮೆರಿಕ, ಕೆನಡಾ, ಮೆಕ್ಸಿಕೊ, ಟರ್ಕಿ ಮೊದಲಾದ ಕಡೆ ಸಾವಿರಾರು ಕುಟುಂಬಗಳು ಕಾಡು ಸುತ್ತಿ ಈ ಅಣಬೆಯನ್ನೋ ಇದರ ಹತ್ತಿರದ ಬಂಧುಗಳನ್ನೋ ಆಯುತ್ತವೆ. ಬಟನ್ ಅಣಬೆ, ಚಿಪ್ಪಣಬೆಗಳ ಹಾಗೆ ಇದನ್ನು ಶೆಡ್ಡಿನಲ್ಲಿ ಬೆಳೆಸಲು ಬರುವುದಿಲ್ಲ. ಮಾರುಕಟ್ಟೆಗೆ ಬರುವ ಒಂದೊಂದು ಮತ್ಸುತಾಕೆಯೂ ಜೀವಂತ ಮರದ ಬೇರಿನ ಆಸರೆಯಲ್ಲಿ ಹುಟ್ಟಿದ್ದು, ಯಾರೋ ಮಂಡಿಯೂರಿ ಕೈಯಿಂದ ಕಿತ್ತದ್ದು. ಮನುಷ್ಯ ಕಾಡನ್ನು ಎಷ್ಟು ಬಳಸಬೇಕು, ಹೇಗೆ ಬಳಸಬೇಕು ಎಂಬ ಪ್ರಶ್ನೆಗೆ ಇದರ ಏಳುಬೀಳು ಕೊಡುವಷ್ಟು ಸ್ಪಷ್ಟ ಉತ್ತರ ಬೇರೆ ಕಡೆ ಸಿಗುವುದು ಅಪರೂಪ. ಕಾಡಿನ ಬಳಕೆ ಪೂರ್ತಿ ನಿಂತರೂ ಈ ಅಣಬೆ ಕ್ಷೀಣಿಸುತ್ತದೆ, ಮಿತಿ ಮೀರಿದರೂ ಕ್ಷೀಣಿಸುತ್ತದೆ.

ಹೆಸರು ಮತ್ತು ವರ್ಗೀಕರಣ

ಜಪಾನಿನ ವಿಜ್ಞಾನಿಗಳಾದ ಇತೋ ಮತ್ತು ಇಮಾಯಿ 1925ರಲ್ಲಿ ಈ ಪ್ರಭೇದವನ್ನು ವಿವರಿಸಿದರು. ಮುಂದೆ ರೋಲ್ಫ್ ಸಿಂಗರ್ ಇದನ್ನು ಟ್ರೈಕೊಲೋಮ ಕುಲಕ್ಕೆ ಸೇರಿಸಿದರು. ಚೀನಾದಲ್ಲಿ ಇದು ಸೋಂಗ್‌ರೋಂಗ್, ಕೊರಿಯದಲ್ಲಿ ಸೋಂಗಿ. ಉತ್ತರ ಯುರೋಪಿನಲ್ಲಿ ಸಿಗುವ ಟ್ರೈಕೊಲೋಮ ನಾಸಿಯೋಸಮ್ ಎಂಬ ಅಣಬೆಯನ್ನು 1905ರಲ್ಲೇ ನಾರ್ವೆಯಿಂದ ವಿವರಿಸಲಾಗಿತ್ತು. ಅದರ ವಾಸನೆ ಓಕರಿಕೆ ತರುತ್ತದೆಂದು ಅಲ್ಲಿಯ ವಿಜ್ಞಾನಿಗೆ ಅನಿಸಿದ್ದೇ ಆ ಹೆಸರಿಗೆ ಕಾರಣ. ಅದೂ ಮತ್ಸುತಾಕೆಯೂ ಒಂದೇ ಪ್ರಭೇದವೆಂದು 2000ದ ಸುಮಾರಿಗೆ ಡಿಎನ್‌ಎ ಪರೀಕ್ಷೆ ತೋರಿಸಿತು. ನಿಯಮದಂತೆ ಹಳೆಯ ಹೆಸರೇ ನಿಲ್ಲಬೇಕಿತ್ತು. ಲೋಕಪ್ರಸಿದ್ಧವಾದ ಹೆಸರು ಕಳೆದುಹೋಗಬಾರದೆಂದು ಮತ್ಸುತಾಕೆಯನ್ನೇ ಉಳಿಸಿಕೊಳ್ಳಲಾಯಿತು. ಜಪಾನಿನಲ್ಲಿ ತಲೆಮಾರುಗಳ ಕಾಲ ಆರಾಧಿಸಿದ ಪರಿಮಳವೇ ಇನ್ನೊಂದು ನಾಡಿನ ಮೂಗಿಗೆ ಹೇಸಿಗೆಯಾಗಿತ್ತು. ರುಚಿ ಎಷ್ಟರಮಟ್ಟಿಗೆ ರೂಢಿಯಿಂದ ಬರುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ಅಮೆರಿಕ ಖಂಡದಲ್ಲಿ ಆಯುವುದು ಈ ಪ್ರಭೇದವನ್ನಲ್ಲ, ಇದರ ಬಂಧುಗಳನ್ನು. ಅವನ್ನೆಲ್ಲ ಬಹುಕಾಲ ಟ್ರೈಕೊಲೋಮ ಮ್ಯಾಗ್ನಿವೆಲಾರೆ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಮೂರಾಗಿ ವಿಂಗಡಿಸಿತು: ಪೂರ್ವ ಭಾಗದ್ದು ಮ್ಯಾಗ್ನಿವೆಲಾರೆ, ಪಶ್ಚಿಮ ಕರಾವಳಿಯದು ಮುರ್ರಿಲಿಯಾನಮ್, ಮೆಕ್ಸಿಕೊದ್ದು ಮೆಸೊಅಮೆರಿಕಾನಮ್. ಟರ್ಕಿಯ ಸೀಡಾರ್ ಕಾಡುಗಳಲ್ಲಿ ಸಿಗುವ ಟ್ರೈಕೊಲೋಮ ಅನಾತೋಲಿಕಮ್ ಕೂಡ ಜಪಾನಿಗೆ ರಫ್ತಾಗುತ್ತದೆ. ವ್ಯಾಪಾರಿಗಳು ಇವೆಲ್ಲವನ್ನೂ ಮತ್ಸುತಾಕೆ ಎಂದೇ ಕರೆಯುತ್ತಾರೆ.

ರೂಪಲಕ್ಷಣ

ಎಳೆಯ ಮತ್ಸುತಾಕೆ ದಪ್ಪ ಕಾಂಡದ ಮೇಲೆ ಗುಂಡು ಟೋಪಿ ಇಟ್ಟಂತೆ ಕಾಣುತ್ತದೆ. ಟೋಪಿಯ ಅಂಚು ಒಳಕ್ಕೆ ಸುರುಳಿಕೊಂಡಿದ್ದು, ಅಂಚಿಗೂ ಕಾಂಡಕ್ಕೂ ನಡುವೆ ಹತ್ತಿಯಂಥ ಬಿಳಿ ಪೊರೆ ಬಿಗಿದಿರುತ್ತದೆ. ಬೆಳೆದಂತೆ ಪೊರೆ ಹರಿದು ಕಾಂಡದ ಸುತ್ತ ಉಂಗುರವಾಗಿ ಉಳಿಯುತ್ತದೆ. ಟೋಪಿ ಅರಳಿ 6ರಿಂದ 20 ಸೆಂ.ಮೀ. ಅಗಲವಾಗುತ್ತದೆ. ಏಷ್ಯಾದ ಪ್ರಭೇದದ ಟೋಪಿಯ ಮೇಲೂ ಉಂಗುರದ ಕೆಳಗಿನ ಕಾಂಡದ ಮೇಲೂ ಕಂದು ನಾರಿನ ಹುರುಪೆಗಳಿರುತ್ತವೆ. ಅಮೆರಿಕದ ಪಶ್ಚಿಮದ್ದು ಹೆಚ್ಚು ಬೆಳ್ಳಗಿರುತ್ತದೆ. ಒಳಗಿನ ತಿರುಳು ಬಿಳಿ, ಗಟ್ಟಿ, ನಾರುನಾರು. ಕೈಯಲ್ಲಿ ಉದ್ದಕ್ಕೆ ಸೀಳಿದರೆ ಎಳೆಎಳೆಯಾಗಿ ಬಿಟ್ಟುಕೊಳ್ಳುತ್ತದೆ.

ಇದರ ಗುರುತಿನ ಲಕ್ಷಣ ವಾಸನೆ. ದಾಲ್ಚಿನ್ನಿಯ ಖಾರ, ಪೈನ್ ರಾಳದ ಕಟು, ಒದ್ದೆ ಮಣ್ಣಿನ ಘಮ ಮೂರೂ ಅದರಲ್ಲಿ ಸೇರಿವೆ. ಇದಕ್ಕೆ ಮುಖ್ಯ ಕಾರಣ ಮೀಥೈಲ್ ಸಿನ್ನಮೇಟ್ ಮತ್ತು ಮತ್ಸುತಾಕಿಯೋಲ್ ಎಂಬ ಎರಡು ರಾಸಾಯನಿಕಗಳು. ಆಯುವವರಿಗೆ ಮೂಗು ಕಣ್ಣಿನಷ್ಟೇ ಮುಖ್ಯ. ಅಮೆರಿಕದ ವಾಯವ್ಯ ಭಾಗದಲ್ಲಿ ಬೆಳೆಯುವ ಅಮಾನಿಟ ಸ್ಮಿಥಿಯಾನ ಎಂಬ ಬಿಳಿ ಅಣಬೆ ನೋಡಲು ಇದನ್ನೇ ಹೋಲುತ್ತದೆ. ಅದನ್ನು ತಿಂದರೆ ಮೂತ್ರಪಿಂಡ ಕೆಡುತ್ತದೆ. ಬಣ್ಣ, ಆಕಾರ ನೋಡಿ ನಿರ್ಧರಿಸದೆ ಮೂಸಿ, ಸೀಳಿ, ಅನುಭವಿಗಳಿಗೆ ತೋರಿಸಿ ಖಚಿತ ಮಾಡಿಕೊಳ್ಳುವುದು ಅಲ್ಲಿ ಕಟ್ಟುನಿಟ್ಟಿನ ಪಾಠ.

ಬದುಕುವ ಬಗೆ

ಸತ್ತ ಮರ, ಹುಲ್ಲು, ಗೊಬ್ಬರವನ್ನು ಕೊಳೆಸಿ ಬದುಕುವ ಅಣಬೆಗಳ ಸಾಲಿಗೆ ಮತ್ಸುತಾಕೆ ಸೇರುವುದಿಲ್ಲ. ಇದು ಜೀವಂತ ಮರದ ಎಳೆಬೇರುಗಳನ್ನು ಸುತ್ತಿಕೊಂಡು ಸಹಜೀವನ ನಡೆಸುವ ಶಿಲೀಂಧ್ರ. ಮಣ್ಣಿನ ನೀರನ್ನೂ ಖನಿಜಗಳನ್ನೂ ಮರಕ್ಕೆ ಒದಗಿಸುತ್ತದೆ, ಮರ ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಪಡೆಯುತ್ತದೆ. ಜಪಾನ್ ಮತ್ತು ಕೊರಿಯದಲ್ಲಿ ಇದರ ಮುಖ್ಯ ಜೊತೆಗಾರ ಕೆಂಪು ಪೈನ್. ಚೀನಾದ ಯುನಾನಿನಲ್ಲಿ ಪೈನ್ ಜೊತೆಗೆ ನಿತ್ಯಹಸಿರು ಓಕ್ ಮರಗಳ ಅಡಿಯಲ್ಲೂ ಬೆಳೆಯುತ್ತದೆ.

ಮಣ್ಣಿನೊಳಗೆ ಶಿಲೀಂಧ್ರದ ಎಳೆಗಳ ಬಲೆಯಾದ ಕವಕಜಾಲ ಹೆಪ್ಪುಗಟ್ಟಿದಂತೆ ಒತ್ತಾಗಿ ಹರಡಿ ಬಿಳಿಯ ಚಾಪೆಯಾಗುತ್ತದೆ. ಜಪಾನಿಗರು ಇದಕ್ಕೆ ಶಿರೊ ಎನ್ನುತ್ತಾರೆ. ಶಿರೊ ವರ್ಷಕ್ಕೆ ಸುಮಾರು ಅರ್ಧ ಗೇಣಿನಷ್ಟು ಹೊರಕ್ಕೆ ಸರಿಯುತ್ತದೆ, ಅದರ ಅಂಚಿನಗುಂಟ ಬಳೆಯಾಕಾರದಲ್ಲಿ ಅಣಬೆಗಳು ಏಳುತ್ತವೆ. ಹೀಗಾಗಿ ಕಳೆದ ವರ್ಷ ಸಿಕ್ಕ ಜಾಗದ ಮಗ್ಗುಲಲ್ಲೇ ಈ ವರ್ಷವೂ ಸಿಗುವ ಸಂಭವ ಹೆಚ್ಚು. ಆಯುವವರು ತಮ್ಮ ಜಾಗಗಳನ್ನು ಗುಟ್ಟಾಗಿ ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಬೇಸಗೆಯ ಕಾವು ಇಳಿದು ಮಣ್ಣಿನ ಉಷ್ಣತೆ 19 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ, ಹದವಾದ ಮಳೆಯೂ ಸೇರಿದರೆ, ಜಪಾನಿನಲ್ಲಿ ಅಣಬೆಯ ಮೊಗ್ಗು ಕಟ್ಟುತ್ತದೆ.

ಮತ್ಸುತಾಕೆಗೆ ಫಲವತ್ತಾದ ಮಣ್ಣು ಹಿಡಿಸುವುದಿಲ್ಲ. ತರಗು ದಪ್ಪಗೆ ಕೊಳೆತು ಹ್ಯೂಮಸ್ ತುಂಬಿದ ನೆಲದಲ್ಲಿ ಬೇರೆ ಶಿಲೀಂಧ್ರಗಳೂ ಸೂಕ್ಷ್ಮಜೀವಿಗಳೂ ಇದನ್ನು ಹಿಂದಿಕ್ಕುತ್ತವೆ. ಕಲ್ಲುಮರಳಿನ ಬಡ ಮಣ್ಣಿನಲ್ಲಿ ಪೈನ್‌ಗೆ ಸಂಗಾತಿ ಬೇಕು, ಸಂಗಾತಿಗೆ ಪೈನ್ ಬೇಕು. ಇಬ್ಬರೂ ಅಲ್ಲಿ ಗೆಲ್ಲುತ್ತಾರೆ.

ಜಪಾನಿನ ಹಳ್ಳಿಗಾಡು ಮತ್ತು ಮತ್ಸುತಾಕೆ

ಎಂಟನೆಯ ಶತಮಾನದ ಮಾನ್ಯೋಶು ಸಂಕಲನದಲ್ಲಿಯೇ ಶರತ್ಕಾಲದ ಅಣಬೆಯ ಪರಿಮಳದ ಬಗ್ಗೆ ಪದ್ಯವಿದೆ. ಕ್ಯೋಟೊದ ಗಣ್ಯರು ಪೈನ್ ಬೆಟ್ಟಗಳಿಗೆ ಹೋಗಿ ಮತ್ಸುತಾಕೆ ಆಯ್ದು ಅಲ್ಲಿಯೇ ಊಟ ಮಾಡುವುದು ಹಳೆಯ ವಾಡಿಕೆ. ಆ ಪೈನ್ ಬೆಟ್ಟಗಳು ತಾವಾಗಿ ಉಳಿದವಲ್ಲ. ಹಳ್ಳಿಯವರು ಸೌದೆಗೂ ಇದ್ದಿಲಿಗೂ ಅಗಲ ಎಲೆಯ ಮರಗಳನ್ನು ಕಡಿಯುತ್ತಿದ್ದರು, ಗದ್ದೆಯ ಗೊಬ್ಬರಕ್ಕೆ ತರಗು ಗುಡಿಸಿ ಒಯ್ಯುತ್ತಿದ್ದರು. ಶಿರಸಿ ಸಿದ್ದಾಪುರದ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು, ತರಗು ತರುವ ಪದ್ಧತಿ ಬಲ್ಲವರಿಗೆ ಈ ವ್ಯವಸ್ಥೆ ಹೊಸದೆನಿಸದು. ಊರಿಗೆ ಅಂಟಿಕೊಂಡ ಇಂಥ ಕಾಡಿಗೆ ಜಪಾನಿನಲ್ಲಿ ಸಾತೊಯಾಮ ಎನ್ನುತ್ತಾರೆ. ನೆಲ ಬರಿದಾಗಿ, ಬಿಸಿಲು ಬಿದ್ದು, ಪೈನ್ ಮೇಲೆದ್ದ ಕಡೆ ಮತ್ಸುತಾಕೆಯೂ ಸೊಂಪಾಗಿ ಬಂತು. 1941ರಲ್ಲಿ ಜಪಾನಿನ ಉತ್ಪಾದನೆ 12,000 ಟನ್ ಮುಟ್ಟಿತ್ತು.

ಆಮೇಲೆ ಎರಡು ಪೆಟ್ಟುಗಳು ಬಿದ್ದವು. 1950ರ ದಶಕದ ಕೊನೆಯಿಂದ ಹಳ್ಳಿಗಳಿಗೆ ಗ್ಯಾಸು, ಸೀಮೆಎಣ್ಣೆ, ರಾಸಾಯನಿಕ ಗೊಬ್ಬರ ಬಂದವು. ಸೌದೆಗೆ ಹೋಗುವವರಿಲ್ಲ, ತರಗು ಗುಡಿಸುವವರಿಲ್ಲ; ಯುವಕರು ನಗರ ಸೇರಿದರು. ಅಗಲ ಎಲೆಯ ಮರಗಳು ಮತ್ತೆ ಎದ್ದು ಪೈನ್ ಮೇಲೆ ನೆರಳು ಕವಿಸಿದವು, ನೆಲದಲ್ಲಿ ತರಗು ಪದರ ಕಟ್ಟಿತು. ಇನ್ನೊಂದು ಪೆಟ್ಟು ರೋಗದ್ದು. ಉತ್ತರ ಅಮೆರಿಕದಿಂದ ಬಂದ ಪೈನ್ ಜಂತುಹುಳು ಮರದೊಳಗೆ ಸೇರಿ ನೀರಿನ ಹಾದಿ ಮುಚ್ಚಿ ಮರವನ್ನು ಒಣಗಿಸುತ್ತದೆ. ಅದನ್ನು ಮರದಿಂದ ಮರಕ್ಕೆ ದಾಟಿಸುವುದು ಉದ್ದ ಮೀಸೆಯ ಕೊರೆಯುವ ದುಂಬಿ. ಈ ಒಣಗುರೋಗ 1905ರಲ್ಲಿ ನಾಗಾಸಾಕಿಯ ಬಳಿ ಮೊದಲು ಕಂಡಿತಾದರೂ ಜಂತುಹುಳುವೇ ಕಾರಣವೆಂದು ಗೊತ್ತಾದದ್ದು 1971ರಲ್ಲಿ. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಪೈನ್ ಮರಗಳು ಸತ್ತಿದ್ದವು. ಇತ್ತೀಚಿನ ಹೆಚ್ಚಿನ ವರ್ಷಗಳಲ್ಲಿ ಜಪಾನಿನ ಸ್ವಂತ ಮತ್ಸುತಾಕೆ ನೂರು ಟನ್ನನ್ನೂ ಮುಟ್ಟುವುದಿಲ್ಲ.

ಉಳಿದ ಪೈನ್ ಬೆಟ್ಟಗಳಲ್ಲಿ ಆಯುವ ಹಕ್ಕನ್ನು ಊರಿನವರು ಸುಗ್ಗಿಗೆ ಮೊದಲೇ ಹರಾಜು ಹಾಕುತ್ತಾರೆ. ಬಂದ ಹಣ ಊರ ಸಾಮಾನ್ಯ ಕೆಲಸಗಳಿಗೆ ಸಲ್ಲುತ್ತದೆ. ಕ್ಯೋಟೊ ಸುತ್ತಮುತ್ತ ಸ್ವಯಂಸೇವಕರು ರಜಾದಿನಗಳಲ್ಲಿ ಬೆಟ್ಟಕ್ಕೆ ಹೋಗಿ ಅಗಲ ಎಲೆಯ ಮರ ಕಡಿದು, ತರಗು ಕೆರೆದು, ಪೈನ್‌ಗೆ ಬಿಸಿಲು ಬಿಡಿಸುವ ಕೆಲಸ ಮಾಡುತ್ತಿದ್ದಾರೆ. ಅಣಬೆ ಬರುತ್ತದೆಂಬ ಖಾತರಿ ಇಲ್ಲದಿದ್ದರೂ ಕಾಡು ಬದುಕುತ್ತದೆಂಬ ಭರವಸೆಯಿಂದ ನಡೆಯುವ ಶ್ರಮ ಅದು.

ಒರೆಗಾನಿನ ಬೆಟ್ಟದಲ್ಲಿ ಸುಗ್ಗಿ

ಜಪಾನಿನಲ್ಲಿ ಕೊರತೆ ಬಿದ್ದಾಗ ಬೇಡಿಕೆ ಕಡಲು ದಾಟಿತು. ಅಮೆರಿಕದ ವಾಯವ್ಯಕ್ಕೆ ವಲಸೆ ಹೋಗಿದ್ದ ಜಪಾನಿಗರು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಮನೆಬಳಕೆಗೆ ಇದನ್ನು ಆಯುತ್ತಿದ್ದರು. ಕ್ಯಾಲಿಫೋರ್ನಿಯದ ಉತ್ತರ ಭಾಗದ ಕರುಕ್, ಯುರೋಕ್ ಮೂಲನಿವಾಸಿಗಳಿಗೆ ಟ್ಯಾನ್‌ಓಕ್ ಮರದಡಿಯ ಈ ಅಣಬೆ ಅದಕ್ಕೂ ಹಿಂದಿನಿಂದ ಆಹಾರ. ದೊಡ್ಡ ಪ್ರಮಾಣದ ವ್ಯಾಪಾರ ಕುದುರಿದ್ದು 1980ರ ದಶಕದ ಕೊನೆ ಮತ್ತು 1990ರ ದಶಕದಲ್ಲಿ. ಅದರ ನಡುಮನೆ ಒರೆಗಾನ್ ರಾಜ್ಯದ ಮಧ್ಯಭಾಗದ ಬೆಟ್ಟಸಾಲು. ಸುಮಾರು 7,700 ವರ್ಷಗಳ ಹಿಂದೆ ಮಝಾಮ ಜ್ವಾಲಾಮುಖಿ ಉಗುಳಿದ ಹಗುರ ಕಲ್ಲುಬೂದಿಯ ಮೇಲೆ ಲಾಜ್‌ಪೋಲ್ ಪೈನ್ ಬೆಳೆದಿರುವ ಬಡ ನೆಲ ಅದು.

ಅಲ್ಲಿ ಆಯುವವರಲ್ಲಿ ಬಹುಪಾಲು ಜನ ಲಾವೋಸ್ ಮತ್ತು ಕಾಂಬೋಡಿಯದಿಂದ 1975ರ ನಂತರ ಯುದ್ಧದ ಬೇಗೆಗೆ ಊರು ಬಿಟ್ಟು ಬಂದವರು: ಲಾವೋ, ಮಿಯೆನ್, ಹ್ಮಾಂಗ್, ಖ್ಮೆರ್ ಕುಟುಂಬಗಳು. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರೂ, ಲ್ಯಾಟಿನ್ ಅಮೆರಿಕದ ಕೂಲಿಕಾರರೂ ಸೇರುತ್ತಾರೆ. ಕ್ರೆಸೆಂಟ್ ಲೇಕ್, ಕೆಮಲ್ಟ್ ಆಸುಪಾಸಿನಲ್ಲಿ ಸೆಪ್ಟೆಂಬರಿನಿಂದ ಹಿಮ ಬೀಳುವವರೆಗೆ ಬಿಡಾರ ಏಳುತ್ತದೆ. ಅರಣ್ಯ ಇಲಾಖೆ ಪರ್ಮಿಟ್ ಮಾರುತ್ತದೆ, ಆಯಬಹುದಾದ ಪ್ರದೇಶದ ನಕ್ಷೆ ಕೊಡುತ್ತದೆ, ನೆಲ ಕೆರೆಯುವುದನ್ನು ನಿಷೇಧಿಸಿದೆ.

ಒಳ್ಳೆಯ ಅಣಬೆ ಕಣ್ಣಿಗೆ ಬೀಳುವುದಿಲ್ಲ. ಅದು ಇನ್ನೂ ತರಗಿನ ಕೆಳಗಿರುತ್ತದೆ. ಬಲ್ಲವರು ನೋಡುವುದು ನೆಲದ ಸಣ್ಣ ಉಬ್ಬನ್ನು, ಅದರ ನೆತ್ತಿಯಲ್ಲಿ ಬಿರಿದ ಗೆರೆಯನ್ನು. ಜಿಂಕೆ ಗೊರಸಿನಿಂದ ಕೆದಕಿದ ಗುರುತೂ ಸುಳಿವೇ. ಕೆಂಪು ಬಿಳಿ ಪಟ್ಟೆಯ ಅಲೊಟ್ರೋಪ ಎಂಬ ಹಸಿರಿಲ್ಲದ ಗಿಡ ಇನ್ನೂ ದೊಡ್ಡ ಸುಳಿವು. ಅದು ಮತ್ಸುತಾಕೆಯ ಕವಕಜಾಲದಿಂದಲೇ ಆಹಾರ ಹೀರುವುದರಿಂದ ಅದಿದ್ದಲ್ಲಿ ಕೆಳಗೆ ಶಿರೊ ಇರುತ್ತದೆ. ಉಬ್ಬಿನ ಮೇಲೆ ಅಂಗೈ ಒತ್ತಿ ನೋಡುತ್ತಾರೆ. ಗಟ್ಟಿ ತಗಲಿದರೆ ತರಗು ಸರಿಸಿ, ಬುಡಕ್ಕೆ ಬೆರಳನ್ನೋ ಸಣ್ಣ ಕೋಲನ್ನೋ ಇಳಿಸಿ, ಅಣಬೆಯನ್ನು ಅಲುಗಿಸಿ ಇಡಿಯಾಗಿ ಎತ್ತುತ್ತಾರೆ. ತೆಗೆದ ಗುಂಡಿಗೆ ತರಗು ಮುಚ್ಚಿ ತಟ್ಟಿ ಮುಂದೆ ಹೋಗುತ್ತಾರೆ.

ಸಂಜೆ ಹೆದ್ದಾರಿ ಬದಿಯ ಡೇರೆಗಳಲ್ಲಿ ಖರೀದಿ. ಖರೀದಿದಾರ ಒಂದೊಂದನ್ನೂ ಎತ್ತಿ, ಕೆಳಗಿನ ಪೊರೆ ನೋಡಿ, ಕಾಂಡ ಹಿಸುಕಿ ಹುಳು ಹೊಕ್ಕಿದೆಯೇ ಎಂದು ಪರೀಕ್ಷಿಸಿ ದರ್ಜೆವಾರು ಬುಟ್ಟಿಗೆ ಹಾಕುತ್ತಾನೆ. ಪೊರೆ ಹರಿಯದ ಬಿಗಿ ಮೊಗ್ಗು ಮೊದಲ ದರ್ಜೆ. ಪೊರೆ ಹರಿದು ಟೋಪಿ ಚಪ್ಪಟೆಯಾದದ್ದು ಕೆಳದರ್ಜೆ, ಬೆಲೆ ಮೊದಲನೆಯದರ ಒಂದು ಚೂರು. ದರ ಒಂದೇ ಸಂಜೆಯಲ್ಲಿ ಏರಿಳಿಯುತ್ತದೆ. ಮಾರಿದ ಮೇಲೆ ಅದೇ ರಾತ್ರಿ ದರ ಏರಿದರೆ ವ್ಯತ್ಯಾಸದ ಹಣವನ್ನು ಕೇಳಿ ಪಡೆಯುವ ಪದ್ಧತಿಯೂ ಅಲ್ಲಿದೆ. ಕೂಲಿ ಎಂದಲ್ಲದೆ ಸ್ವಂತ ದುಡಿಮೆ ಎಂದು ಈ ಜನ ಇದನ್ನು ಕಾಣುತ್ತಾರೆ. ಮೇಲೆ ಯಜಮಾನನಿಲ್ಲ, ಸಂಬಳವೂ ಇಲ್ಲ, ಸುಗ್ಗಿ ಕೈಕೊಟ್ಟರೆ ಕೇಳುವವರೂ ಇಲ್ಲ. ಮಾನವಶಾಸ್ತ್ರಜ್ಞೆ ಅನ್ನಾ ತ್ಸಿಂಗ್ 2015ರಲ್ಲಿ ಪ್ರಕಟಿಸಿದ ಪುಸ್ತಕ ಈ ಬದುಕನ್ನು ಜಗತ್ತಿಗೆ ಪರಿಚಯಿಸಿತು.

ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿಯೂ ಇಂಥದೇ ಸುಗ್ಗಿ ನಡೆಯುತ್ತದೆ. 2000ದಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಸ್ವಂತ ನೆಲದ ಆಡಳಿತ ಪಡೆದ ನಿಸ್ಗಾ ಜನಾಂಗದವರು ನಾಸ್ ಕಣಿವೆಯ ತಮ್ಮ ಕಾಡುಗಳಲ್ಲಿ ಅಣಬೆ ಆಯಲು ತಾವೇ ಪರವಾನಗಿ ಕೊಡುತ್ತಾರೆ.

ಯುನಾನ್, ಭೂತಾನ್, ಕೊರಿಯ

ಚೀನಾದ ಯುನಾನ್ ಪ್ರಾಂತದಿಂದ ಜಪಾನಿಗೆ ರಫ್ತು ಬಿರುಸಾದದ್ದು 1980ರ ದಶಕದಲ್ಲಿ. ದೀಚಿಂಗ್ ಟಿಬೆಟನ್ ಪ್ರದೇಶದ ಶಾಂಗ್ರಿಲಾ, ಚೂಶಿಯೋಂಗ್ ಪ್ರದೇಶದ ನಾನ್‌ಹುವಾ ದೊಡ್ಡ ಮಾರುಕಟ್ಟೆಗಳು. 1998ರ ಯಾಂಗ್‌ಸೆ ಪ್ರವಾಹದ ಬಳಿಕ ನೈಸರ್ಗಿಕ ಕಾಡಿನಲ್ಲಿ ಮರ ಕಡಿಯುವುದನ್ನು ನಿಷೇಧಿಸಿದಾಗ ಅನೇಕ ಹಳ್ಳಿಗಳಿಗೆ ಮಳೆಗಾಲದ ಈ ಅಣಬೆಯೇ ಮುಖ್ಯ ನಗದು ಆದಾಯವಾಯಿತು. ಟಿಬೆಟನ್ ಹಳ್ಳಿಗಳು ತಮ್ಮದೇ ಕಟ್ಟಳೆ ಮಾಡಿಕೊಂಡವು: ಯಾರ ಕಾಡಿನಲ್ಲಿ ಯಾರು ಆಯಬೇಕು, ವಾರದಲ್ಲಿ ಯಾವ ದಿನ ಕಾಡಿಗೆ ಹೋಗಬಾರದು, ತೀರ ಚಿಕ್ಕ ಮೊಗ್ಗು ಕಿತ್ತವರಿಗೆ ಎಷ್ಟು ದಂಡ. ಸರ್ಕಾರ 1999ರಲ್ಲಿ ಇದನ್ನು ಎರಡನೆಯ ದರ್ಜೆಯ ಸಂರಕ್ಷಿತ ಪಟ್ಟಿಗೆ ಸೇರಿಸಿತು. ಹಳ್ಳಿಯ ಕಟ್ಟಳೆ ಗಟ್ಟಿಯಿದ್ದ ಕಡೆ ಜಗಳವೂ ಕಡಿಮೆ, ಅವಸರದ ಕೀಳುವಿಕೆಯೂ ಕಡಿಮೆ. ಎಲ್ಲರಿಗೂ ತೆರೆದ ಕಾಡಿನಲ್ಲಿ ಮಾತ್ರ ನಾನು ಬಿಟ್ಟರೆ ಇನ್ನೊಬ್ಬ ಕೀಳುತ್ತಾನೆ ಎಂಬ ಭಯವೇ ಮೊಗ್ಗನ್ನು ಬೆಳೆಯಲು ಬಿಡುವುದಿಲ್ಲ.

ಭೂತಾನಿನಲ್ಲಿ ಸಂಗೈ ಶಾಮು ಎಂದು ಕರೆಯುವ ಈ ಅಣಬೆಗೆ ಥಿಂಪು ಜಿಲ್ಲೆಯ ಗೆನೆಖಾ ಮತ್ತು ಬುಮ್‌ಥಾಂಗ್ ಜಿಲ್ಲೆಯ ಉರಾ ಹೆಸರುವಾಸಿ. ಎರಡೂ ಕಡೆ ಆಗಸ್ಟಿನಲ್ಲಿ ಮತ್ಸುತಾಕೆ ಉತ್ಸವ ನಡೆಯುತ್ತದೆ.

ಕೊರಿಯದಲ್ಲಿ ಸೋಂಗಿ ರಾಜತಾಂತ್ರಿಕ ಕಾಣಿಕೆಯೂ ಹೌದು. 2018ರ ಸೆಪ್ಟೆಂಬರಿನ ಶೃಂಗಸಭೆಯ ವೇಳೆ ಉತ್ತರ ಕೊರಿಯದ ಕಿಮ್ ಜೊಂಗ್ ಉನ್ ದಕ್ಷಿಣದ ಅಧ್ಯಕ್ಷ ಮೂನ್ ಜೇ ಇನ್‌ಗೆ ಎರಡು ಟನ್ ಅಣಬೆ ಕಳಿಸಿದರು. ಮೂನ್ ಅದನ್ನು ಯುದ್ಧದಲ್ಲಿ ಬೇರ್ಪಟ್ಟ 4,000 ಕುಟುಂಬಗಳ ವೃದ್ಧರಿಗೆ ತಲಾ 500 ಗ್ರಾಮಿನಂತೆ ಹಂಚಿದರು. ಗಡಿಯ ಆಚೆಗಿನ ತವರು ನೆಲದ ವಾಸನೆ ಅವರ ಮನೆ ಸೇರಿತು.

ಸಾಗಣೆ ಮತ್ತು ಅಡುಗೆ

ಕಿತ್ತ ಕ್ಷಣದಿಂದ ಮತ್ಸುತಾಕೆ ನೀರು ಕಳೆದುಕೊಂಡು ಹಗುರವಾಗುತ್ತದೆ, ಪರಿಮಳವೂ ಕುಂದುತ್ತದೆ. ಆದ್ದರಿಂದ ರಾತ್ರಿ ಖರೀದಿ, ಬೆಳಗಾಗುವುದರೊಳಗೆ ತಂಪು ಪೆಟ್ಟಿಗೆ, ಮುಂದಿನ ವಿಮಾನ ಎಂಬ ಅವಸರದ ಸರಪಳಿ. ಕಾಡಿನಲ್ಲಿ ಆಯುವವ, ಡೇರೆಯ ಖರೀದಿದಾರ, ಸಗಟು ರಫ್ತುದಾರ, ಜಪಾನಿನ ಆಮದುದಾರ, ಹರಾಜು ಮಾರುಕಟ್ಟೆ, ಅಂಗಡಿ ಎಂದು ಆರೇಳು ಕೈ ದಾಟುತ್ತದೆ. ಸ್ವದೇಶಿ ಅಣಬೆಗೆ ಅಲ್ಲಿ ಆಮದಿನದಕ್ಕಿಂತ ಹಲವು ಪಟ್ಟು ಬೆಲೆ. ಜರೀಗಿಡದ ಎಲೆ ಹಾಸಿದ ಬುಟ್ಟಿಯಲ್ಲಿಟ್ಟು ಮಾರುವ ಒಳ್ಳೆಯ ಮತ್ಸುತಾಕೆಯನ್ನು ಜನ ಉಡುಗೊರೆಯಾಗಿ ಕೊಡುತ್ತಾರೆ.

ಅಡುಗೆಯಲ್ಲಿ ಮಸಾಲೆ ಹಾಕಿ ಇದರ ಪರಿಮಳ ಮುಚ್ಚುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಸೀಳಿ, ಅಕ್ಕಿಯೊಂದಿಗೆ ಬೇಯಿಸಿದ ಅನ್ನವೇ ಮತ್ಸುತಾಕೆ ಗೊಹಾನ್. ಸಣ್ಣ ಕೆಟಲಿನಲ್ಲಿ ತಿಳಿಸಾರಿನೊಂದಿಗೆ ಬೇಯಿಸುವುದು ದೊಬಿನ್ ಮುಶಿ. ಕೆಂಡದ ಮೇಲೆ ಸುಟ್ಟು ಸುದಾಚಿ ಎಂಬ ನಿಂಬೆಯ ರಸ ಹಿಂಡುವುದು ಎಲ್ಲಕ್ಕಿಂತ ಸರಳ.

ಆಯುವುದರಿಂದ ಹಾನಿಯೇ?

ಅಣಬೆ ಶಿಲೀಂಧ್ರದ ಫಲ ಮಾತ್ರ, ದೇಹ ಮಣ್ಣಿನೊಳಗಿದೆ. ಫಲ ಕೀಳುವುದರಿಂದ ದೇಹಕ್ಕೆ ನೋವಾಗುತ್ತದೆಯೇ ಎಂಬುದು ಪರೀಕ್ಷೆಗೆ ಬಂದ ಪ್ರಶ್ನೆ. ಒರೆಗಾನಿನಲ್ಲಿ ಹಲವು ವರ್ಷ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಚ್ಚರಿಕೆಯಿಂದ ಒಂದೊಂದನ್ನೇ ಎತ್ತಿ ಗುಂಡಿ ಮುಚ್ಚಿದರೆ ಮುಂದಿನ ವರ್ಷಗಳ ಇಳುವರಿ ಇಳಿಯುವುದಿಲ್ಲ. ಹಲ್ಲಿರುವ ಹತಾರದಿಂದ ತರಗನ್ನು ಆಳಕ್ಕೆ ಕೆರೆದು ಹಾಗೇ ಬಿಟ್ಟ ಕಡೆ ಇಳುವರಿ ವರ್ಷಗಟ್ಟಲೆ ಕುಸಿಯಿತು. ಕೆರೆದಾಗ ಕವಕಜಾಲ ಹರಿಯುತ್ತದೆ, ನೆಲ ಬಿಸಿಲಿಗೆ ಒಣಗುತ್ತದೆ. ಅಂದರೆ ಅಪಾಯ ಇರುವುದು ಕೀಳುವ ರೀತಿಯಲ್ಲಿ. ಇದಕ್ಕಿಂತ ದೊಡ್ಡ ಅಪಾಯ ಮರ ಸಾಯುವುದು, ಕಾಡು ಬದಲಾಗುವುದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2020ರಲ್ಲಿ ಮತ್ಸುತಾಕೆಯನ್ನು ಅಪಾಯಕ್ಕೊಡ್ಡಿದ ಪ್ರಭೇದಗಳ ಕೆಂಪುಪಟ್ಟಿಗೆ ಸೇರಿಸಿದಾಗ ಪೈನ್ ಕಾಡುಗಳ ಅವನತಿಯೇ ಅದರ ಮುಖ್ಯ ಕಾರಣವಾಗಿತ್ತು.

ಬೆಳೆಸುವ ಯತ್ನಗಳು ದಶಕಗಳಿಂದ ನಡೆದಿವೆ. ಪ್ರಯೋಗಾಲಯದಲ್ಲಿ ಕವಕಜಾಲ ಬೆಳೆಯುತ್ತದೆ, ಪೈನ್ ಸಸಿಯ ಬೇರನ್ನೂ ಹಿಡಿಯುತ್ತದೆ. ಅಣಬೆ ಮಾತ್ರ ಏಳುವುದಿಲ್ಲ. ಇದರ ಬಂಧುವಾದ ಬಾಕಾಮತ್ಸುತಾಕೆಯನ್ನು ಕೊಠಡಿಯೊಳಗೆ ಪೂರ್ತಿಯಾಗಿ ಬೆಳೆಸಿದ್ದಾಗಿ ಜಪಾನಿನ ತಾಕಿ ಕೆಮಿಕಲ್ ಕಂಪನಿ 2018ರಲ್ಲಿ ಪ್ರಕಟಿಸಿತು. ಮತ್ಸುತಾಕೆ ಇಂದಿಗೂ ಕಾಡಿನದೇ.

ನಮ್ಮ ನೆಲದ ಬಂಧುಗಳು

ಮರದ ಬೇರನ್ನು ನಂಬಿ ಬದುಕುವ, ಬೆಳೆಸಲು ಬಾರದ, ಆಯ್ದೇ ಮಾರಬೇಕಾದ ಅಣಬೆಗಳು ನಮ್ಮಲ್ಲೂ ಇವೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಮೊದಲ ಮಳೆ ಬಿದ್ದಾಗ ಸಂತೆಗೆ ಬರುವ ಕಲ್ಲಣಬೆ, ತುಳುವಿನ ಕಲ್ಲಲಾಂಬು, ಅಸ್ಟ್ರೇಯಸ್ ಕುಲದ್ದು. ಜಾರ್ಖಂಡದ ರುಗ್ಡಾ, ಬಸ್ತರಿನ ಬೋಡಾ ಇದೇ ಬಳಗದವು. ಅವು ಸಾಲ್ ಮರದ ಬೇರಿನ ಸಂಗಾತಿಗಳು. ಅಲ್ಲಿಯೂ ಆದಿವಾಸಿ ಹೆಂಗಸರು ಮಣ್ಣು ಕೆದಕಿ ಆಯ್ದು, ತೊಳೆದು, ಸಂತೆಯಲ್ಲಿ ಮಾರುತ್ತಾರೆ. ಸಾಲ್ ಕಾಡು ಹೋದರೆ ಅಣಬೆಯೂ ಹೋಗುತ್ತದೆ, ಆ ಕೆಲವು ವಾರಗಳ ಆದಾಯವೂ ಹೋಗುತ್ತದೆ.

ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಕಾಡಿನ ಜನರ ಹಕ್ಕನ್ನು ಮಾನ್ಯ ಮಾಡಿದೆ. ಅದರ ವ್ಯಾಖ್ಯೆಯಲ್ಲಿ ಬಿದಿರು, ಜೇನು, ಅರಗು, ತೆಂಡು ಎಲೆ, ಬೇರು, ಗೆಡ್ಡೆಗಳ ಹೆಸರಿದೆ, ಅಣಬೆಯ ಹೆಸರಿಲ್ಲ. ಅದನ್ನೂ ಹೆಸರಿಸಿ ಸೇರಿಸಬೇಕು. ಮತ್ಸುತಾಕೆ ಚೆನ್ನಾಗಿ ಉಳಿದ ಹಲವು ಕಡೆ ಮೂರು ಸಂಗತಿ ಕೂಡಿ ಬಂದಿವೆ: ಬದುಕಿರುವ ಕಾಡು, ಅದರಲ್ಲಿ ಕೈಯಾಡಿಸುವ ಜನ, ಆ ಜನರ ಕೈಯಲ್ಲಿ ಹಕ್ಕು. ಮೂರರಲ್ಲಿ ಒಂದು ತಪ್ಪಿದ ಕಡೆ ಬೆಲೆ ಎಷ್ಟೇ ಏರಿದರೂ ಅಣಬೆ ಉಳಿಯುವುದು ಕಷ್ಟ. ಕಲ್ಲಣಬೆಗೂ ಬೋಡಾಕ್ಕೂ ಬೇಕಾದದ್ದು ಈ ಮೂರೇ.